ಮಾವನ ಮೊಣಕೈಯ ತಗ್ಗು

ಹಲ್ಲಪ್ಪನಿಗೆ ನಕಲಿ ಕಂಡರೆ ಆಗುತ್ತಿರಲಿಲ್ಲ. ಹೋಟೆಲಿನಲ್ಲಿ ತಾನು ಕುಳಿತ ಮೇಜಿನ ಮೇಲೆ ಪ್ಲಾಸ್ಟಿಕ್ ಹೂವಿದ್ದರೆ ಹೂದಾನಿಯನ್ನು ಎತ್ತಿ ಪಕ್ಕದ ಮೇಜಿಗೆ ದಾಟಿಸುತ್ತಿದ್ದ. ಯಾರದಾದರೂ ಹೊಸ ಮನೆ ನೋಡಲು ಹೋದರೆ, ಉಳಿದವರು ಚಾವಣಿ ಹೊಗಳುತ್ತಿರುವಾಗ ಇವನು ಬಗ್ಗಿ ಮರದ ನೆಲವನ್ನು ಉಗುರಿನಿಂದ ಕೆರೆದು, ಮನೆಯವರಿಗೆ ಕೇಳುವಂತೆ, "ಮರ ಅಲ್ಲ, ಮರದ ಚಿತ್ರ" ಎಂದು ತೀರ್ಪು ಕೊಡುತ್ತಿದ್ದ. ಆಮೇಲೆ ಅವರು ಕೊಟ್ಟ ಕಾಫಿಯನ್ನೂ ಅನುಮಾನದಿಂದಲೇ ಕುಡಿಯುತ್ತಿದ್ದ.

ಇಂಥವನ ಕಸುಬು ಕೃತಕ ಹಲ್ಲು ಮಾಡುವುದು. ಅಡ್ಡಹೆಸರೂ ಅದರಿಂದಲೇ ಬಂದದ್ದು. ನಿಜವಾದ ಹೆಸರು ಕರೆಂಟ್ ಬಿಲ್ಲಿನ ಮೇಲಷ್ಟೇ ಉಳಿದಿತ್ತು. ನಕಲಿ ಹಲ್ಲು ಮಾಡಿ ಬದುಕುವವನಿಗೆ ನಕಲಿ ಹೂವಿನ ಮೇಲೇಕೆ ಇಷ್ಟು ಸಿಟ್ಟು ಎಂದು ಯಾರಾದರೂ ಕೆಣಕಿದರೆ ಉತ್ತರ ಸಿದ್ಧವಿತ್ತು. "ನನ್ನ ಹಲ್ಲು ಅಗಿಯುತ್ತೆ ಸ್ವಾಮಿ. ಆ ಹೂವು ಏನ್ ಮಾಡುತ್ತೆ?"

ಹಲ್ಲಿನ ಡಾಕ್ಟ್ರಮ್ಮನ ಕ್ಲಿನಿಕ್ಕು ಮಹಡಿಯ ಮೇಲೆ. ಕೆಳಗಡೆ, ಹಿಂಬದಿಯ ಕೋಣೆ ಅವನದು. ಒಂದು ಗಿಡ್ಡ ಕಿಟಕಿ, ಒಂದು ತೊಟ್ಟಿ, ನೀರು ಸೋರುವ ನಲ್ಲಿ, ಮೇಣದ ವಾಸನೆ, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಪುಡಿ. ರೋಗಿಗಳ ಬಾಯಿಯ ಅಚ್ಚು ಮೇಲಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿತ್ತು. ಅವನು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸುತ್ತಿದ್ದ, ದವಡೆಗೆ ಮೇಣ ಕಟ್ಟುತ್ತಿದ್ದ, ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದ. ಗೋಡೆಯ ಕಪಾಟಿನ ತುಂಬ ಊರಿನವರ ದವಡೆಗಳು ಸಾಲಾಗಿ ಕುಳಿತಿದ್ದವು. ಬೀದಿಯಲ್ಲಿ ಎದುರಾದವರ ಮುಖ ಅವನಿಗೆ ಗುರುತು ಸಿಗುತ್ತಿರಲಿಲ್ಲ; ಆಕಳಿಸಿದರೆ ಸಿಗುತ್ತಿತ್ತು.

ಆ ಬಾಯಿಗಳ ಬಗ್ಗೆ ಅವನಿಗೆ ಗೌರವವೇನೂ ಇರಲಿಲ್ಲ. ಜನ ಹಲ್ಲನ್ನು ಇಪ್ಪತ್ತು ವರ್ಷ ಹಾಳು ಮಾಡಿಕೊಂಡು, ಆಮೇಲೆ ಇವನು ಮಾಡಿಕೊಟ್ಟ ಸೆಟ್ಟಿನಲ್ಲಿ ಕೂದಲೆಳೆಯಷ್ಟು ತಪ್ಪು ಹುಡುಕುತ್ತಾರೆ. ಅದಕ್ಕಿಂತ ಹೊಟ್ಟೆ ಉರಿಸುವ ವಿಷಯ ಇನ್ನೊಂದಿತ್ತು. ಅವನ ಕೆಲಸ ಚೆನ್ನಾಗಿ ಆಗಿದೆ ಎಂದರೆ, ಅದು ಅವನ ಕೆಲಸವೆಂದು ಯಾರಿಗೂ ಗೊತ್ತಾಗಬಾರದು. ಊರೆಲ್ಲ ಅವನ ಹಲ್ಲು ತೋರಿಸಿ ನಗುತ್ತಿತ್ತು. ಯಾರೂ ಅವನ ಹೆಸರು ಹೇಳುತ್ತಿರಲಿಲ್ಲ.

ಒಮ್ಮೆ ನಿವೃತ್ತ ಬಸ್ ಕಂಡಕ್ಟರರೊಬ್ಬರು ಸವೆದ ಹಳೆಯ ಸೆಟ್ಟು ತಂದು ಹೊಸದು ಕೇಳಿದರು. ಡಾಕ್ಟ್ರಮ್ಮ ಮೆಟ್ಟಿಲ ಮೇಲೆ ನಿಂತು ಕೂಗಿ ಹೇಳಿದರು: "ಇವರದ್ದು ಮುಂದಿನ ಹಲ್ಲಿನ ಮೂಲೆ ಚೂರು ಮುಕ್ಕಾಗಿದೆ ನೋಡಿ, ಹೊಸದರಲ್ಲೂ ಹಾಗೇ ಬೇಕಂತೆ. ಸೀಟಿ ಊದಿ ಊದಿ ಆಗಿರೋದಂತೆ, ಮನೆಯವರಿಗೆ ಅದೇ ರೂಢಿಯಂತೆ."

"ಡಾಕ್ಟ್ರಮ್ಮ," ಹಲ್ಲಪ್ಪ ಕೆಳಗಿನಿಂದಲೇ ಕೂಗಿದ, "ಇವರು ಚಪ್ಪಲಿ ಅಂಗಡಿಗೆ ಹೋದ್ರೆ ತೂತು ಬಿದ್ದಿರೋದನ್ನೇ ಕೇಳ್ತಾರಾ?"

ಕಂಡಕ್ಟರರಿಗೆ ದಾಳಿಂಬೆ ಕಾಳಿನಂತೆ ನೇರವಾದ ಸಾಲು ಮಾಡಿಕೊಟ್ಟ. ಬಾಯಲ್ಲಿ ಯಾಕೋ ಸರಿಯಾಗಿ ಕೂರುತ್ತಿಲ್ಲ ಎಂದು ಅವರು ಮತ್ತೆ ಬಂದಾಗ ಡಾಕ್ಟ್ರಮ್ಮ ಎಂದಿನ ಮಾತನ್ನೇ ಹೇಳಿ ಕಳಿಸಿದರು: "ಒಂದು ವಾರ ಹಾಕ್ಕೊಳ್ಳಿ, ಒಗ್ಗಿಹೋಗುತ್ತೆ." ಅದು ಹಲ್ಲಪ್ಪನೇ ಅವರಿಗೆ ಹೇಳಿಕೊಟ್ಟ ಮಾತು. ದೂರುಗಳನ್ನು ಮೆಟ್ಟಿಲ ಮೇಲೇ ತಡೆದು ನಿಲ್ಲಿಸಲು ಅದಕ್ಕಿಂತ ಒಳ್ಳೆಯ ಮಾತು ಇರಲಿಲ್ಲ.

ಮನೆಯಲ್ಲಿದ್ದ ಕಾರು ಅವನದಲ್ಲ, ಹೆಂಡತಿಯದು. ಅವಳಿಗೆ ಅವಳಪ್ಪನಿಂದ ಬಂದದ್ದು. ಮಾವ ಹೊಲಿಗೆ ಯಂತ್ರ ರಿಪೇರಿಯವರು; ಡಿಕ್ಕಿಯಲ್ಲಿ ಸ್ಪೇರ್ ಪಾರ್ಟು ತುಂಬಿಕೊಂಡು ಊರೂರು ತಿರುಗುತ್ತ ಬದುಕಿದವರು. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದರ ಮೊಣಕೈ ಇಳಿಸಿದ ಗಾಜಿನ ಪಕ್ಕ, ಬಾಗಿಲಿನ ಅಂಚಿನ ಮೇಲೆ. ಹೀಗೆ ಕುಳಿತೂ ಕುಳಿತೂ ಆ ಅಂಚಿನಲ್ಲಿ ಒಂದು ತಗ್ಗು ಬಿದ್ದಿತ್ತು. ಬಾಗಿಲಿನ ಒಳಹಲಗೆ ಎಂದರೆ ಮತ್ತೇನಲ್ಲ, ಮರದ ಹೊಟ್ಟು ಒತ್ತಿ ಮಾಡಿದ ರಟ್ಟು, ಅದರ ಮೇಲೆ ತೆಳ್ಳಗೆ ಸ್ಪಂಜು, ಅದರ ಮೇಲೆ ಬಿಸ್ಕತ್ತು ಬಣ್ಣದ ರೆಕ್ಸಿನ್. ಸ್ಪಂಜು ಸತ್ತು, ರಟ್ಟು ಬಾಗಿ, ರೆಕ್ಸಿನ್ ನುಣುಪಾಗಿ, ಅಲ್ಲೊಂದು ಮೊಣಕೈಯ ಆಕಾರ ನಿಂತುಬಿಟ್ಟಿತ್ತು.

ಮಾವ ತೀರಿಕೊಂಡ ಮೇಲೆ ಕಾರು ಓಡಿಸುತ್ತಿದ್ದವಳು ಮಗಳು. ಬೆಳಗಾದರೆ ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವುದು ಅವಳ ಕೆಲಸ. ದಾರಿಯುದ್ದಕ್ಕೂ ಅವಳ ಮೊಣಕೈ ಅಪ್ಪನ ತಗ್ಗಿನಲ್ಲಿರುತ್ತಿತ್ತು. "ಸಿಗ್ನಲ್ಲಲ್ಲಿ ನಿಂತಾಗ ಅಪ್ಪನ ಕೈ ಹಿಡ್ಕೊಂಡ ಹಾಗಿರುತ್ತೆ" ಎಂದು ಒಂದು ಸಲ ಗಂಡನಿಗೆ ಹೇಳಿದ್ದಳು. ಅವನು "ಸವೆತ ಅದು" ಎಂದಿದ್ದ. ಅವಳು ಆಮೇಲೆ ಆ ಮಾತು ಎತ್ತಿರಲಿಲ್ಲ.

ಈ ಕಾರಿಗೆ, ರೇಸ್ ಕಾರುಗಳಿಗೆ ಬಳಸುವ ಹಗುರವಾದ ಗಟ್ಟಿ ಕಾರ್ಬನ್ ಫೈಬರಿನ ಹುಚ್ಚು ತಗುಲಿದ್ದು ಬಾಮೈದನ ದೆಸೆಯಿಂದ. ಅವನು ಹೆಂಡತಿಯ ತಮ್ಮ. ಕಾರುಗಳಿಗೆ ಅಂದಚೆಂದ ಮಾಡುವ ಅಂಗಡಿ ಇಟ್ಟುಕೊಂಡಿದ್ದ. ಹಲ್ಲಪ್ಪ ಅವನನ್ನು ಸ್ಟಿಕ್ಕರ್ ಎಂದೇ ಕರೆಯುತ್ತಿದ್ದ. ಅವನ ಅಂಗಡಿಯಲ್ಲಿ ಮರದಂತೆ ಕಾಣುವ ಶೀಟು, ಉಕ್ಕಿನಂತೆ ಕಾಣುವ ಶೀಟು, ಚರ್ಮದಂತೆ ಕಾಣುವ ಶೀಟು, ಎಲ್ಲ ಸುರುಳಿ ಸುತ್ತಿ ಗೋಡೆಗೆ ಒರಗಿದ್ದವು. ಹಲ್ಲಪ್ಪನಿಗೆ ಆ ಅಂಗಡಿ ಹೊಕ್ಕರೆ ಮೈಯೆಲ್ಲ ತುರಿಸಿದಂತಾಗುತ್ತಿತ್ತು.

ಒಂದು ಭಾನುವಾರ ಸ್ಟಿಕ್ಕರ್ ಅಕ್ಕನ ಮನೆಗೆ ಊಟಕ್ಕೆ ಬಂದವನು ಕೈ ತೊಳೆಯುತ್ತ ಹೇಳಿದ: "ಅಕ್ಕ, ಕಾರ್ ಒಂದಿನ ಅಂಗಡಿ ಹತ್ರ ತಗೊಂಬಾ. ಒಳಗಡೆಗೆಲ್ಲ ಕಾರ್ಬನ್ ಶೀಟ್ ಹೊಡೆದುಕೊಡ್ತೀನಿ. ರೇಸ್ ಕಾರ್ ಥರ ಆಗುತ್ತೆ."

"ಕಾರ್ಬನ್ನಂತೆ!" ಹಲ್ಲಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕಾರ್ಬನ್ನಿನ ಫೋಟೋ ಅಂತ ಹೇಳು. ನಿಮ್ಮಕ್ಕನ ಫೋಟೋ ಅಂಟಿಸಿದ್ರೆ ಅದು ಅಡುಗೆ ಮಾಡುತ್ತಾ?"

"ಅಸಲಿಯಾದ್ರೂ ಮಾಡುತ್ತಾ? ಅಡುಗೆ ಮಾಡಿದ್ದು ಯಾರು ಅಂತ ಕೇಳು ನಿಮ್ಮ ಭಾವನ್ನ" ಎಂದಳು ಹೆಂಡತಿ. ಆ ದಿನದ ಅಡುಗೆ ಹೋಟೆಲಿನಿಂದ ತಂದದ್ದು.

ತಮ್ಮ ನಕ್ಕ. "ಅಷ್ಟು ಅಸಲಿ ಬೇಕಂದ್ರೆ ನೀವೇ ಮಾಡ್ಕೊಳ್ಳಿ ಭಾವ. ಅಚ್ಚು ತೆಗೆಯೋದು ನಿಮಗೆ ಹೊಸದಾ?"

ಆ ಮಾತು ಹಲ್ಲಪ್ಪನಿಗೆ ನಾಟಿತು. ನಿಜವೇ, ಹೊಸದೇನು? ಅಚ್ಚು ತೆಗೆಯುವುದು, ಅಚ್ಚಿನೊಳಗೆ ಅಂಟಿನಂಥ ರೆಸಿನ್ ತುಂಬಿ ಗಟ್ಟಿ ಮಾಡುವುದು, ಬಿಡಿಸಿ ಉಜ್ಜಿ ಹೊಳಪು ಕೊಡುವುದು, ಅವನು ದಿನಾ ಮಾಡುತ್ತಿದ್ದದ್ದೇ. ದವಡೆಯ ಬದಲು ಬಾಗಿಲು, ಅಷ್ಟೇ. ಅಲ್ಲದೆ ಈ ಕೆಲಸ ಬಾಯೊಳಗೆ ಅಡಗಿ ಕೂರುವುದಿಲ್ಲ. ಕಾರು ಹತ್ತಿದವರೆಲ್ಲ ನೋಡುತ್ತಾರೆ, ಕೇಳುತ್ತಾರೆ, ಯಾರು ಮಾಡಿದ್ದು ಎಂದು ಬಾಯಿ ಬಿಡುತ್ತಾರೆ. ಮೊದಲು ಕಣ್ಣಿಗೆ ಬೀಳುವುದು ಡ್ರೈವರ್ ಕಡೆಯ ಬಾಗಿಲು. ಅದರಿಂದಲೇ ಶುರು ಮಾಡುವುದೆಂದು ತೀರ್ಮಾನಿಸಿದ.

ಹೆಂಡತಿ ಬೇಡವೆನ್ನಲಿಲ್ಲ. ಒಂದೇ ಒಂದು ಷರತ್ತು ಹಾಕಿದಳು. "ನೀವು ಏನಾದ್ರೂ ಮಾಡ್ಕೊಳ್ಳಿ. ಹಳೇ ಹಲಗೆ ಹೇಗೆ ಹೋಯ್ತೋ ಹಾಗೇ ನನ್ನ ಕೈಗೆ ವಾಪಸ್ ಬರಬೇಕು. ಅಪ್ಪನ ಮೊಣಕೈ ಸಮೇತ."

"ಬರೀ ಅಚ್ಚು ತಗೊಳ್ತೀನಿ ಕಣೇ. ಬಾಯಲ್ಲಿ ಅಚ್ಚು ತೆಗೆದ್ರೆ ಬಾಯಿ ಕಿತ್ತು ಬರುತ್ತಾ?"

ಅವನು ಹಲಗೆ ಬಿಚ್ಚಿದ. ಗಾಜು ಏರಿಸುವ ಹಿಡಿಯೂ ಕಳಚಬೇಕಾಯಿತು; ಅದು ಹಲಗೆಗೆ ಆತು ನಿಲ್ಲುವಂಥದ್ದು, ಹಲಗೆಯಿಲ್ಲದೆ ಕೂರುತ್ತಿರಲಿಲ್ಲ. ಹೊಸ ಹಲಗೆ ಬರುವ ತನಕ ಹೆಂಡತಿ ಬೋಳು ತಗಡಿನ ಬಾಗಿಲಿನ ಕಾರಿನಲ್ಲೇ ಕೆಲಸಕ್ಕೆ ಹೋದಳು. ಮಳೆ ಬಂದರೆ ಹಲ್ಲಿನ ಗಾಲಿಯಂತಿದ್ದ ಕಬ್ಬಿಣದ ತುದಿಯನ್ನು ಇಕ್ಕಳದಿಂದ ಹಿಡಿದು ತಿರುಗಿಸಿ ಗಾಜು ಏರಿಸಬೇಕಿತ್ತು.

ಬಾಲ್ಕನಿಯಲ್ಲಿ ಬಟ್ಟೆ ನೆನೆಹಾಕುವ ಟಬ್ಬು ಪ್ಲಾಸ್ಟರಿನ ಟಬ್ಬಾಯಿತು. ಹಲಗೆಗೆ ಸೋಪಿನ ನೀರು ಬಳಿದ, ಹಿಡಿಕೆಯ ಸಂದುಗಳನ್ನು ಮೇಣದಿಂದ ಮುಚ್ಚಿದ, ಸುತ್ತ ರಟ್ಟಿನ ಕಟ್ಟೆ ಕಟ್ಟಿದ, ಪ್ಲಾಸ್ಟರಿನ ನಡುನಡುವೆ ಗೋಣಿಬಟ್ಟೆ ಹಾಸುತ್ತ ಸುರಿದ. ಕಸುಬುದಾರನ ಕೈ; ಒಂದು ಗುಳ್ಳೆ ಏಳಲಿಲ್ಲ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯೇರುತ್ತದೆ. ಆ ಬಿಸಿಗೆ ಕೈಯಿಟ್ಟು ನಿಂತವನ ಮುಖದಲ್ಲಿ, ಊರಿನ ಸ್ಟಿಕ್ಕರುಗಳೆಲ್ಲ ಆಗಲೇ ಸುಲಿದು ಬಿದ್ದಂಥ ತೃಪ್ತಿ ಇತ್ತು.

ಅವನು ಮರೆತದ್ದು ಒಂದೇ. ಹಲ್ಲಿನ ಕೆಲಸದಲ್ಲಿ ನೀರು ಯಾವತ್ತೂ ಅಪಾಯವಲ್ಲ. ಬಾಯಿ ಒದ್ದೆ, ಅಚ್ಚು ಒದ್ದೆ, ಪ್ಲಾಸ್ಟರ್ ಒದ್ದೆ. ಒಣಗಿದರೆ ಕುಗ್ಗಿ ಹೋಗುತ್ತದೆಂದು ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದೇ ಅಲ್ಲಿನ ಶಿಸ್ತು. ಪ್ಲಾಸ್ಟರಿಗೆ ಗಟ್ಟಿಯಾಗಲು ಬೇಕಾಗುವ ನೀರಿಗಿಂತ, ಅದನ್ನು ಕಲಸಿ ಸುರಿಯಲು ಬೇಕಾಗುವ ನೀರು ಹೆಚ್ಚು. ಆ ಹೆಚ್ಚಿನ ನೀರು ಎಲ್ಲಿಗಾದರೂ ಹೋಗಲೇಬೇಕು. ಇಲ್ಲಿ ಅದು ರೆಕ್ಸಿನ್ನಿನ ಹೊಲಿಗೆಯ ತೂತುಗಳಿಂದ ಇಳಿದು ಸ್ಪಂಜಿಗೆ, ಸ್ಪಂಜಿನಿಂದ ರಟ್ಟಿಗೆ ಹೋಗಿತ್ತು. ಮಾರನೇ ದಿನ ಬಿಡಿಸಲು ಹೋದರೆ ಹಲಗೆ ಟೀಯಲ್ಲಿ ಅದ್ದಿದ ಬಿಸ್ಕತ್ತಿನಂತೆ ಉಬ್ಬಿ ಮುದ್ದೆಯಾಗಿ ಬಂತು. ರೆಕ್ಸಿನ್ ಅಂಚಿನಲ್ಲಿ ಹರಿಯಿತು. ರಟ್ಟನ್ನು ಅವನು ಚಮಚದಿಂದ ಕೆರೆದು ತೆಗೆಯಬೇಕಾಯಿತು.

ಅಚ್ಚು ಮಾತ್ರ ಸೊಗಸಾಗಿ ಬಂದಿತ್ತು. ಹಲ್ಲಪ್ಪ ಒಂದು ಕ್ಷಣ ರಟ್ಟಿನ ರಾಶಿಯನ್ನು ನೋಡಿದ, ಒಂದು ಕ್ಷಣ ಅಚ್ಚನ್ನು ನೋಡಿದ. ಕಸದ ರಟ್ಟಿಗೆ ಕಣ್ಣೀರೇ ಎಂದು ತನಗೆ ತಾನೇ ಹೇಳಿಕೊಂಡು, ಎಲ್ಲವನ್ನೂ ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಟ್ಟುಬಿಟ್ಟ.

"ಹಲಗೆ ಎಲ್ಲಿ?" ಸಂಜೆ ಹೆಂಡತಿ ಕೇಳಿದಳು.

"ಒಣಗ್ತಿದೆ" ಎಂದ ಹಲ್ಲಪ್ಪ. ಅಚ್ಚಿನ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ.

ಅಚ್ಚೂ ಸರಿಯಾಗಿ ಒಣಗಿರಲಿಲ್ಲ, ಅದು ಬೇರೆ ವಿಷಯ. ಹಲ್ಲಿನ ಕೋಣೆಯಲ್ಲಿ ಒದ್ದೆ ಪ್ಲಾಸ್ಟರಿನೊಳಗೇ ರೆಸಿನ್ ತುಂಬುವುದು ರೂಢಿ. ಪ್ಲಾಸ್ಟರಿಗೆ ಅಂಟದಂತೆ ನೀರಿನಂಥ ಒಂದು ದ್ರವ ಬಳಿದರೆ ಮುಗಿಯಿತು. ಅವನು ಅದನ್ನೇ ಬಳಿದ. ದೋಣಿ ರಿಪೇರಿಯವರಿಗೆ ಸಾಮಾನು ಮಾರುವ ಅಂಗಡಿಯಿಂದ ಕಾರ್ಬನ್ ಬಟ್ಟೆ ತಂದಿದ್ದ. ಕರ್ರಗೆ, ಜೀನ್ಸ್ ಬಟ್ಟೆಯಂತೆ ಓರೆ ನೇಯ್ಗೆ. ಕತ್ತರಿ ತಾಗಿದರೆ ಅಂಚಿನಿಂದ ಎಳೆ ಬಿಚ್ಚಿಕೊಳ್ಳುವಷ್ಟು ನಾಜೂಕು. ಅಂಗಡಿಯವನು ಆ ಬಟ್ಟೆಯನ್ನು ಗಟ್ಟಿ ಮಾಡುವ ಎಪಾಕ್ಸಿ ರೆಸಿನ್ನಿನ ಡಬ್ಬಿ ಕೊಡುತ್ತ, "ಎಪಾಕ್ಸಿಗೆ ತೇವ ಆಗಲ್ಲ ಸಾರ್, ಅಚ್ಚು ಚೆನ್ನಾಗಿ ಒಣಗಿರಬೇಕು" ಎಂದಿದ್ದ. ಹಲ್ಲಪ್ಪ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, "ರೆಸಿನ್ ಜೊತೆ ನಾನು ಬದುಕಿರೋದು ನಿನ್ನ ವಯಸ್ಸಿಗಿಂತ ಜಾಸ್ತಿ" ಎಂದು ಬಂದಿದ್ದ.

ಹಲ್ಲಿಗೆ ಬಳಸುವ ರೆಸಿನ್ನೇ ಬೇರೆ, ಎಪಾಕ್ಸಿಯೇ ಬೇರೆ. ಎಪಾಕ್ಸಿಯನ್ನು ಗಟ್ಟಿ ಮಾಡುವ ಹಾರ್ಡನರಿಗೆ ನೀರೆಂದರೆ ಬಲು ಪ್ರೀತಿ. ತೇವ ಸಿಕ್ಕರೆ ತನ್ನ ಕೆಲಸ ಬಿಟ್ಟು ಅದರ ಜೊತೆ ಸೇರಿಕೊಂಡು ಬಿಳಿಯ ಪೊರೆಯಾಗಿ ಕೂರುತ್ತದೆ. ಅಚ್ಚಿನೊಳಗೆ ಬಟ್ಟೆ ಹಾಸಿ, ಎಪಾಕ್ಸಿ ಬಳಿದು, ಗಟ್ಟಿಯಾಯಿತೆಂದುಕೊಂಡ ಮೇಲೆ ಹಲಗೆ ಬಿಡಿಸಲು ಅವನು ಮೊದಲು ಬೆಣೆ ಹಾಕಿದ, ಆಮೇಲೆ ಸುತ್ತಿಗೆ ಹಿಡಿದ, ಕೊನೆಗೆ ಮಂಡಿಯೂರಿ ಎಳೆದ. ಬಂದದ್ದು ಕರಿಯ ಕಾರ್ಬನ್ನಿನ ಕನ್ನಡಿಯಲ್ಲ. ಮುದಿ ಕಣ್ಣಿನ ಪೊರೆಯಂತೆ ಮಂಕಾಗಿ, ಮುಟ್ಟಿದರೆ ಬೆರಳಿಗೆ ಅಂಟುವ, ಬಗ್ಗಿಸಿದರೆ ಬಗ್ಗುವ ಒಂದು ವಸ್ತು. ಅಲ್ಲಲ್ಲಿ ಪ್ಲಾಸ್ಟರಿನ ಚೂರುಗಳನ್ನೂ ಕಿತ್ತುಕೊಂಡು ಬಂದಿತ್ತು.

"ಟ್ರಯಲ್ಲು" ಎಂದುಕೊಂಡ ಹಲ್ಲಪ್ಪ. ಹಲ್ಲಿಗೂ ಮೊದಲು ಮೇಣದ ಟ್ರಯಲ್ಲು ಇರುತ್ತದಲ್ಲ. ಖಾಲಿ ಅಚ್ಚನ್ನು ಬೆಳಕಿಗೆ ತಿರುಗಿಸಿ ನೋಡಿದಾಗ ಮೇಲಿನ ಅಂಚಿನಲ್ಲಿ ಒಂದು ಉಬ್ಬು ಕಂಡಿತು. ಹಲಗೆಯ ಮೇಲಿನ ತಗ್ಗು ಅಚ್ಚಿನಲ್ಲಿ ಉಬ್ಬಾಗಿ ನಿಂತಿದೆ. ಅಲ್ಲಿಯವರೆಗೆ ಅದರ ಕಡೆ ಅವನ ಗಮನವೇ ಹೋಗಿರಲಿಲ್ಲ. ಈಗ ಕೆರೆದುಹಾಕಿದರೆ ಹೊಸ ಹಲಗೆಯ ಅಂಚು ಗೆರೆ ಎಳೆದಂತೆ ನೇರ ಬರುತ್ತದೆ. ಪ್ಲಾಸ್ಟರ್ ಚಾಕು ತರಲು ಒಳಗೆ ಹೋದ.

ಚಾಕು ಹಿಡಿದು ಬಾಲ್ಕನಿಗೆ ಬರುವಷ್ಟರಲ್ಲಿ ಹೆಂಡತಿ ಅಲ್ಲಿದ್ದಳು. ಕೆಲಸ ಮುಗಿಸಿ ಬಂದವಳು ಹೆಗಲ ಚೀಲವನ್ನೂ ಇಳಿಸಿರಲಿಲ್ಲ. ಮಂಕು ಹಲಗೆಯನ್ನು ಗೋಡೆಗೆ ಒರಗಿಸಿಕೊಂಡು ನೋಡುತ್ತಿದ್ದಳು.

"ಇದೇನ್ರೀ, ಕಾರ್ಬನ್ನಾ? ಅಂಬಲಿ ಚೆಲ್ಲಿದ ಹಾಗಿದೆ."

"ಟ್ರಯಲ್ಲು."

"ನನ್ನ ಹಲಗೆ ಒಣಗ್ತಾ?"

ಹಲ್ಲಪ್ಪ ಚಾಕುವಿನ ಅಲಗನ್ನು ಹೆಬ್ಬೆರಳಿನಿಂದ ಸವರಿದ. "ಅದು ಹೋಯ್ತು. ರಟ್ಟು ನೀರು ಕುಡಿದುಬಿಡ್ತು. ಲಡ್ಡು ಹಿಡಿದ ಮಾಲು, ಇವತ್ತಲ್ಲ ನಾಳೆ ಹೋಗ್ತಿತ್ತು."

"ಎಲ್ಲಿಗ್ ಹೋಯ್ತು?"

"ಕಸದ ಗಾಡಿಗೆ."

ಅವಳು ಚೀಲ ಇಳಿಸಿದಳು. ಮಂಕು ಹಲಗೆಯನ್ನು ಪ್ಲಾಸ್ಟಿಕ್ ಕುರ್ಚಿಯ ಪಕ್ಕ ನಿಲ್ಲಿಸಿ, ಕುರ್ಚಿಯಲ್ಲಿ ಕುಳಿತು, ಅದರ ಅಂಚಿನ ಮೇಲೆ ಮೊಣಕೈ ಇಟ್ಟಳು. ಸುಮ್ಮನೆ, ಅಭ್ಯಾಸಬಲದಿಂದ. ಮೊಣಕೈ ಒಂದಿಷ್ಟು ಜಾರಿ ತನ್ನ ಜಾಗ ಹುಡುಕಿಕೊಂಡು ನಿಂತಿತು. ಅವಳ ಮುಖ ಬದಲಾಯಿತು.

"ಇದೆ" ಎಂದಳು. "ಇದರಲ್ಲಿದೆ ಕಣ್ರೀ."

"ಅದಾ? ಅಚ್ಚಿನಲ್ಲೂ ಇದೆ. ಅದನ್ನೇ ಈಗ ಕೆರೆದು..."

ಆಗ ಅವಳು ಚಾಕುವನ್ನು ನೋಡಿದಳು.

"ಇಲ್ಲಿ ಕೇಳಿ," ಅವಳ ದನಿ ರಕ್ತ ತೆಗೆಯುವಾಗ ರೋಗಿಗಳ ಜೊತೆ ಮಾತಾಡುವಷ್ಟೇ ಸಮಾಧಾನವಾಗಿತ್ತು. "ಊರಿನೋರ ಎಂಜಲು ಬಾಯಿಯ ಅಚ್ಚುಗಳನ್ನ ಕಪಾಟಿನಲ್ಲಿ ಜೋಪಾನ ಮಾಡ್ತೀರ. ಸತ್ತೋರ ದವಡೆ ಕೂಡ ಬಿಸಾಕಲ್ಲ ನೀವು. ನಮ್ಮಪ್ಪನದು ಇದ್ದಿದ್ದು ಒಂದು. ಅದನ್ನ ಕಸಕ್ಕೆ ಕೊಟ್ರಿ, ಉಳಿದದ್ದಕ್ಕೆ ಚಾಕು ತಂದಿದೀರ. ಅಸಲಿ ನಕಲಿ ಅಂತ ಊರಿಗೆಲ್ಲ ಪಾಠ ಹೇಳ್ತೀರಲ್ಲ, ಅಸಲಿ ಯಾವುದು ಅಂತ ನಿಮಗೇ ಗೊತ್ತಿಲ್ಲ."

ಹಲ್ಲಪ್ಪ ಚಾಕುವನ್ನು ಟಬ್ಬಿನ ಅಂಚಿನ ಮೇಲಿಟ್ಟ.

"ಇದನ್ನೇ ಕಾರಿಗೆ ಹಾಕಿಕೊಡಿ" ಎಂದಳು ಅವಳು.

"ಇದು ನಿಲ್ಲಲ್ಲ ಕಣೇ. ಬಿಸಿಲಿಗೆ ಇನ್ನೂ ಮೆತ್ತಗಾಗಿ ಜೋತುಬೀಳುತ್ತೆ."

"ಹಾಗಾದ್ರೆ ನಿಲ್ಲೋದು ಮಾಡಿ. ಅಲ್ಲಿತನಕ ನನಗೆ ಇಕ್ಕಳ ಸಾಕು."

ಅಂದಿನಿಂದ ಅವಳು ಗಂಡನ ಜೊತೆ ಬೇಕಾದಷ್ಟೇ ಮಾತಾಡಿದಳು. ಕಾರು ಹತ್ತುವಾಗ ಮಾತ್ರ ಇಕ್ಕಳವನ್ನು ಅವನಿಗೆ ಕಾಣುವಂತೆ ಎತ್ತಿ ಹಿಡಿದು ಸೀಟಿನ ಪಕ್ಕಕ್ಕೆ ಹಾಕುತ್ತಿದ್ದಳು.

ಹಲ್ಲಪ್ಪ ಅಚ್ಚನ್ನು ಮತ್ತೆ ನೋಡಿದಾಗ ಉಬ್ಬಿನ ತುದಿಯಲ್ಲಿ ತೆಳ್ಳನೆಯ ಒಂದು ಚೂರು ಇರಲಿಲ್ಲ. ಎಳೆದು ಬಿಡಿಸುವಾಗ ಅದು ಮುರಿದು ಮಂಕು ಹಲಗೆಯ ತಗ್ಗಿನಲ್ಲಿ ಅಂಟಿಕೊಂಡು ಹೋಗಿತ್ತು. ಚಾಕುವಿನಿಂದ ಕೆರೆಯಬೇಕೆಂದಿದ್ದದ್ದನ್ನು ಈಗ ಅದೇ ಚಾಕುವಿನಿಂದ, ಒಡೆಯದಂತೆ, ಉಸಿರು ಬಿಗಿಹಿಡಿದು ಎಬ್ಬಿಸಬೇಕಾಯಿತು. ಚೂರನ್ನು ಅದರ ಜಾಗದಲ್ಲಿ ಕೂರಿಸಿ ಅಂಟಿಸಿ, ಸಂದಿಯನ್ನು ಕುಂಚದ ತುದಿಯಿಂದ ತುಂಬಿದ. ಮುರಿದ ಹಲ್ಲು ಕೂರಿಸುವಾಗ ಅವನು ಯಾವತ್ತೂ ಎರಡನೇ ಸಲ ತಿರುಗಿ ನೋಡಿದವನಲ್ಲ. ಬಾಯಿ ಯಾರದೋ, ಚಿಂತೆ ಡಾಕ್ಟ್ರಮ್ಮನದು. ಈಗ ಮೂರು ಸಲ ದೀಪ ಹಿಡಿದು ನೋಡಿದ. ಹಸಿವಿಗೆ ಕಣ್ಣು ಮಂಜಾಗಿದೆ ಎಂದುಕೊಂಡು ಎದ್ದು ಹೋಗಿ ಎರಡು ಬಾಳೆಹಣ್ಣು ತಿಂದುಬಂದ.

ಆಮೇಲೆ ಅವಸರ ಮಾಡಲಿಲ್ಲ. ಅಚ್ಚನ್ನು ನೆರಳಿನಲ್ಲಿಟ್ಟ, ಬಿಸಿಲಿಗಿಟ್ಟ, ಮಳೆ ಮೋಡ ಕಂಡರೆ ಮಲಗುವ ಕೋಣೆಗೆ ತಂದು ಮಂಚದ ಪಕ್ಕ ನಿಲ್ಲಿಸಿದ. ದಿನಾ ತೂಕದ ಯಂತ್ರದ ಮೇಲೆ ತಾನು ಅಚ್ಚು ಹಿಡಿದು ನಿಲ್ಲುವುದು, ಅಚ್ಚು ಇಟ್ಟು ನಿಲ್ಲುವುದು. ತೂಕ ಇಳಿಯುವುದು ನಿಲ್ಲುವ ತನಕ ನೀರು ಇದೆ ಎಂದೇ ಲೆಕ್ಕ. ಇದನ್ನು ಅವನು ಯಾರನ್ನೂ ಕೇಳದೆ ಕಂಡುಕೊಂಡ. ದೋಣಿ ಅಂಗಡಿಯವನನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು, ಆದರೆ ಕೇಳುವುದೆಂದರೆ ಬಗ್ಗುವುದೆಂಬುದು ಅವನ ಸ್ವಭಾವ. ಒಣಗಿದ ಮೇಲೆ ವಾರ್ನಿಷ್ ಹೊಡೆದು, ಉಜ್ಜಿ, ಮತ್ತೆ ಹೊಡೆದು, ಮೇಣ ತಿಕ್ಕಿದ. ರೆಸಿನ್ನನ್ನೂ ಹಾರ್ಡನರನ್ನೂ ಕಣ್ಣಂದಾಜಿಗೆ ಬಿಡದೆ ಲ್ಯಾಬಿನ ತಕ್ಕಡಿಯಲ್ಲಿ ತೂಗಿದ. ಮೊದಲು ಬರೀ ರೆಸಿನ್ನಿನ ತೆಳು ಪದರ, ಅದು ಬೆರಳಿಗೆ ಅಂಟುವ ಹದಕ್ಕೆ ಬಂದಾಗ ಬಟ್ಟೆ. ಉಬ್ಬಿನ ಮೇಲೆ ನೇಯ್ಗೆಯ ಓರೆಗೆರೆಗಳು ಚದುರದಂತೆ, ಮಗುವಿಗೆ ಟೋಪಿ ತೊಡಿಸಿದ ಹಾಗೆ, ಅಂಗೈಯಿಂದ ಒತ್ತಿ ಕೂರಿಸಿದ.

ಎರಡನೆಯದು ಬೆಣೆ ತಾಗಿಸಿದ ಕೂಡಲೇ ಪಟ್ಟೆಂದು ಬಿಟ್ಟುಕೊಂಡಿತು. ಅದನ್ನು ಎತ್ತಿ ಹಿಡಿದ ಹಲ್ಲಪ್ಪ ಕೆಲಹೊತ್ತು ತೆಗಳಲು ಏನೂ ಸಿಗದೆ ನಿಂತ. ಕರ್ರಗಿನ ಆಳ, ಆಳದಲ್ಲಿ ಓರೆಯಾಗಿ ಹೊಳೆಯುವ ನೇಯ್ಗೆ, ಖಾಲಿ ತಟ್ಟೆಯಷ್ಟು ಹಗುರ, ಬಡಿದರೆ ಗಾಜಿನಂಥ ದನಿ. ಅಂಚಿನ ತಗ್ಗಿನಲ್ಲಿ ಬೆಳಕು ಬಂದು ಒಂದು ಹನಿಯಂತೆ ನಿಂತಿತ್ತು.

ಹೆಂಡತಿಯನ್ನು ಕರೆದ. ಅವಳು ಬಂದು, ಮೊದಲು ಮೊಣಕೈ ಇಟ್ಟು ನೋಡಿದಳು. ತಲೆಯಾಡಿಸಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಕಣ್ಣಿಂದ ನೋಡಿದಳು.

"ಕೂರೋದೇನೋ ಕೂರುತ್ತೆ. ಬಣ್ಣ ಇದಲ್ಲ."

"ಯಾವುದಲ್ಲ?"

"ಅಪ್ಪನ ಕಾರು ಬಿಸ್ಕತ್ ಬಣ್ಣ. ಮೂರು ಬಾಗಿಲು ಬಿಸ್ಕತ್ತು, ಒಂದು ಬಾಗಿಲು ಹೆಣದ ಪೆಟ್ಟಿಗೆ. ನನಗೆ ಬೇಡಪ್ಪ."

"ಏನೇ ಹೇಳ್ತಿದೀಯ! ಇದು ಕಾರ್ಬನ್ನು! ಅಸಲಿ!"

"ಒಳಗಡೆ ಇರಲಿ ಬಿಡಿ ನಿಮ್ಮ ಅಸಲಿ. ಮೇಲೆ ಬಿಸ್ಕತ್ ಬಣ್ಣದ್ದು ಏನಾದ್ರೂ ಹೊದಿಸಿ. ತಮ್ಮನ ಅಂಗಡಿಯಲ್ಲಿ ಹಳೇ ರೆಕ್ಸಿನ್ ಥರದ್ದೇ ಶೀಟ್ ಇದೆ. ನಾನು ನೋಡಿದೀನಿ."

ಹಲ್ಲಪ್ಪ ಅಂದು ಊಟ ಮಾಡಲಿಲ್ಲ. ಮಾರನೇ ದಿನ ಕ್ಲಿನಿಕ್ಕಿನಲ್ಲಿ ಮೂರು ಜನರ ದವಡೆಗಳನ್ನು ಬಾಯಿಗೆ ಬಂದಂತೆ ಬೈದ. ಅದರ ಮಾರನೇ ದಿನ, ಹಲಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಕದ್ದ ಮಾಲು ಸಾಗಿಸುವವನಂತೆ ಗೋಡೆ ಬದಿಯಲ್ಲೇ ನಡೆದು, ಬಾಮೈದನ ಅಂಗಡಿಗೆ ಹೋದ.

ಸ್ಟಿಕ್ಕರ್ ಬೆಡ್‌ಶೀಟು ಬಿಚ್ಚಿ ಸಿಳ್ಳೆ ಹಾಕಿದ. "ಭಾವ! ಇದು ನೀವೇ ಮಾಡಿದ್ದಾ?"

ಎಷ್ಟೋ ವರ್ಷಗಳಿಂದ ಕಾಯುತ್ತಿದ್ದ ಪ್ರಶ್ನೆ ಕೊನೆಗೂ ಬಂದಿತ್ತು; ಬಂದದ್ದು ಇವನ ಬಾಯಿಂದ. "ಇನ್ಯಾರು ಮಾಡ್ತಾರೆ?" ಎಂದ ಹಲ್ಲಪ್ಪ, ಗೋಡೆಗೆ ಒರಗಿದ್ದ ಸುರುಳಿಗಳ ಕಡೆಗೆ ನೋಡುತ್ತ. "ಇದರ ಮೇಲೆ ಬಿಸ್ಕತ್ ಬಣ್ಣದ ಶೀಟು ಹೊಡಿ."

"ಏನು?"

"ಕಿವಿ ಕೇಳಲ್ವಾ?"

"ಅಸಲಿ ಕಾರ್ಬನ್ನಿನ ಮೇಲೆ ನನ್ನ ಸ್ಟಿಕ್ಕರಾ?" ತಮ್ಮ ಸ್ಟೂಲಿನ ಮೇಲೆ ಕುಳಿತು ಹೊಟ್ಟೆ ಹಿಡಿದು ನಕ್ಕ. "ಜನ ಕಬ್ಬಿಣದ ಮೇಲೆ ಚಿನ್ನದ ನೀರು ಹೊಡೆಸ್ತಾರೆ ಭಾವ. ನೀವು ಚಿನ್ನದ ಮೇಲೆ ತುಕ್ಕು ಹೊಡೆಸ್ತಿದೀರ!"

"ನಿಮ್ಮಕ್ಕನ್ನ ಕೇಳು."

"ಅಕ್ಕಂಗೇನಾಯ್ತು?" ಎನ್ನುತ್ತ ತಮ್ಮ ಹಲಗೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಧೂಳು ಒರೆಸಲು ಅಂಚಿನ ಮೇಲೆ ಅಂಗೈ ಎಳೆದ. ಕೈ ತಗ್ಗಿಗೆ ಇಳಿದು ನಿಂತಿತು. ಮತ್ತೊಮ್ಮೆ ಎಳೆದ. ಮತ್ತೆ ಅಲ್ಲೇ ನಿಂತಿತು. ನಗು ಅರ್ಧಕ್ಕೇ ಉಳಿಯಿತು.

"ಅಪ್ಪಂದು" ಎಂದ ಮೆಲ್ಲಗೆ.

ಹಲ್ಲಪ್ಪ ಬೀದಿಯ ಕಡೆ ತಿರುಗಿ, ಎದುರಿನ ಅಂಗಡಿಯ ಪ್ಲಾಸ್ಟಿಕ್ ಹುಲ್ಲನ್ನು ತಿರಸ್ಕಾರದಿಂದ ನೋಡುತ್ತ ನಿಂತ.

ತಮ್ಮ ಸುರುಳಿ ಬಿಚ್ಚಿದ. ಆ ಶೀಟಿನ ಮೇಲೆ ರೆಕ್ಸಿನ್ನಿನ ಸುಕ್ಕುಗಳನ್ನು ಒತ್ತಿದ್ದರು. ರೆಕ್ಸಿನ್ನೇ ಚರ್ಮದ ನಕಲಿ. ಇದು ರೆಕ್ಸಿನ್ನಿನ ನಕಲಿ. ಚರ್ಮದ ಮೊಮ್ಮಗಳು ಎಂದುಕೊಂಡ ಹಲ್ಲಪ್ಪ. ಬಿಸಿಗಾಳಿಯ ಗನ್ನು ಹಿಡಿದು, ಶೀಟನ್ನು ಹದವಾಗಿ ಮೆತ್ತಗೆ ಮಾಡುತ್ತ, ತಮ್ಮ ಅಂಚಿನುದ್ದಕ್ಕೂ ಪ್ಲಾಸ್ಟಿಕ್ ಪಟ್ಟಿಯಿಂದ ಒತ್ತಿ ಬಂದ. ತಗ್ಗಿನ ಹತ್ತಿರ ಬಂದಾಗ ಆ ಪಟ್ಟಿ ಕೆಳಗಿಟ್ಟು, ಬರೀ ಹೆಬ್ಬೆರಳಿನಿಂದ, ನಡುವಿನಿಂದ ಹೊರಕ್ಕೆ ಸುತ್ತುತ್ತ ಕೂರಿಸಿದ. ಒಂದು ಸುಕ್ಕು ಬೀಳಲಿಲ್ಲ.

"ಹೇಗಿದೆ ಭಾವ?"

"ಸ್ಟಿಕ್ಕರಿಗೆ ಇಷ್ಟು ಸಾಕು" ಎಂದ ಹಲ್ಲಪ್ಪ. ಅವನ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಆ ಅಂಗಡಿ ಕೇಳಿರಲಿಲ್ಲ. ತಮ್ಮ ಮತ್ತೆ ನಗತೊಡಗಿದ.

ಹಲಗೆ ಬಾಗಿಲಿಗೆ ಕೂತಿತು, ಗಾಜು ಏರಿಸುವ ಹಿಡಿ ಮತ್ತೆ ಬಂತು, ಇಕ್ಕಳ ಅಡುಗೆಮನೆಯ ಡ್ರಾಯರಿಗೆ ಹೋಯಿತು. ನಾಲ್ಕು ಬಾಗಿಲೂ ಬಿಸ್ಕತ್ ಬಣ್ಣ. ಕಾರು ಹತ್ತಿದವರು ಯಾರೂ ಏನೂ ಕೇಳಲಿಲ್ಲ. ಕೇಳಲು ಅಲ್ಲೇನೂ ಕಾಣುತ್ತಿರಲಿಲ್ಲ. ಹಲ್ಲಪ್ಪನ ಜೀವಮಾನದ ಅತ್ಯುತ್ತಮ ಕೆಲಸ ಅವನ ಉಳಿದ ಕೆಲಸಗಳಂತೆಯೇ ಯಾರ ಕಣ್ಣಿಗೂ ಬೀಳದಂತೆ ಆಗಿತ್ತು.

ಮೊದಲ ದಿನ ಹೆಂಡತಿ ಅವನನ್ನು ಕ್ಲಿನಿಕ್ಕಿಗೆ ಬಿಡಲು ಹೊರಟಳು. ಗಾಜು ಇಳಿಸಿದಳು, ಮೊಣಕೈ ಇಟ್ಟಳು. ಹಲ್ಲಪ್ಪ ಪಕ್ಕದ ಸೀಟಿನಿಂದ ಮುಂದಿನ ರಸ್ತೆಯನ್ನೇ ನೋಡುತ್ತಿದ್ದ, ಓರೆಗಣ್ಣು ಮಾತ್ರ ಅಲ್ಲಿತ್ತು. ಮೊದಲ ಸಿಗ್ನಲ್ಲಿನಲ್ಲಿ ಅವಳು ಮೊಣಕೈ ಎತ್ತಿ ಮತ್ತೆ ಇಟ್ಟಳು. ಎರಡನೆಯದರಲ್ಲಿ ಸ್ವಲ್ಪ ಹಿಂದೆ ಸರಿಸಿದಳು.

"ಏನು?" ಅವನು ಕೇಳಿಯೇಬಿಟ್ಟ. "ಕೂತಿಲ್ವಾ?"

"ಕೂತಿದೆ. ಅಳತೆಯೆಲ್ಲ ಅಪ್ಪಂದೇ." ಅವಳು ಯೋಚಿಸಿದಳು. "ಸ್ವಲ್ಪ ಗಟ್ಟಿ. ಅಪ್ಪ ಇಷ್ಟು ಗಟ್ಟಿ ಇರಲಿಲ್ಲ."

ಸ್ಪಂಜು ಇಲ್ಲದ ಮೇಲೆ ಗಟ್ಟಿ ಇರದೆ ಇನ್ನೇನು? ಉಕ್ಕಿಗಿಂತ ಗಟ್ಟಿಯಾದದ್ದನ್ನು ಮಾಡಿಕೊಟ್ಟರೆ ಗಟ್ಟಿ ಎಂಬ ದೂರು! ಕೂದಲೆಳೆಯಷ್ಟು ತಪ್ಪು ಹುಡುಕುವ ಜನ! ಹಲ್ಲಪ್ಪನ ಮೂಗಿನ ಹೊಳ್ಳೆ ಅರಳಿತು. ಮೆಟ್ಟಿಲ ಮೇಲಿನಿಂದ ಡಾಕ್ಟ್ರಮ್ಮ ಹೇಳುವ ಮಾತು ತಾನಾಗಿಯೇ ಬಾಯಿಗೆ ಬಂತು.

"ಒಂದು ವಾರ ಹಾಕ್ಕೊ, ಒಗ್ಗಿಹೋಗುತ್ತೆ."

ಹೆಂಡತಿ ಅವನ ಕಡೆ ತಿರುಗಿ ನೋಡಿದಳು. ಹಸಿರು ದೀಪ ಬಿತ್ತು, ಹಿಂದಿನವನು ಹಾರ್ನ್ ಹೊಡೆದ. ಅವಳು ಮೊಣಕೈಯನ್ನು ತಗ್ಗಿನಲ್ಲಿ ಸರಿಯಾಗಿ ಊರಿ ಕಾರು ಮುಂದಕ್ಕೆ ಬಿಟ್ಟಳು.

ಅವನು ಕ್ಲಿನಿಕ್ಕಿನ ಹಿಂಬಾಗಿಲಿನಲ್ಲಿ ಇಳಿದು ತನ್ನ ಕೋಣೆಗೆ ಹೋದ. ನಲ್ಲಿ ತೊಟ್ಟಿಕ್ಕುತ್ತಿತ್ತು. ಕಪಾಟಿನಿಂದ ಕಂಡಕ್ಟರರ ದವಡೆಯನ್ನು ಇಳಿಸಿ, ಪುಡಿ ಊದಿ, ಬೆಳಕಿಗೆ ಹಿಡಿದು ನೋಡಿದ. ಹಳೆಯ ಸೆಟ್ಟೂ ಡಬ್ಬಿಯಲ್ಲಿ ಹಾಗೇ ಇತ್ತು, ಮುಂದಿನ ಹಲ್ಲಿನ ಮುಕ್ಕು ಮೂಲೆ ಸಮೇತ.

"ಸೀಟಿಯಂತೆ!" ಎಂದು ಗೊಣಗಿಕೊಂಡ. ಹಲ್ಲು ತೇಯುವ ಅರ ತೆಗೆದುಕೊಂಡು ಸ್ಟೂಲಿನ ಮೇಲೆ ಕುಳಿತ. ಆಮೇಲೆ ಮೆಟ್ಟಿಲ ಕಡೆ ಮುಖ ಎತ್ತಿ ಕೂಗಿದ: "ಡಾಕ್ಟ್ರಮ್ಮ, ಆ ಕಂಡಕ್ಟರಿಗೆ ಒಂದ್ಸಲ ಬಂದುಹೋಗೋಕೆ ಹೇಳಿ. ಹೊಸ ಹಲ್ಲು ಹಾಕ್ಕೊಂಡು ಬರಲಿ."